ಮಕ್ಕಳ ಜೋಡಿ ಶ್ರೀಲಂಕಾಕ್ಕ ಹೊಂಟೀವಿ: ಬರೇ ಫೋಟೊ ತಕ್ಕೊಂಡು ಬರೂದು ಆಗಬಾರದು, ಏನ್ ಮಾಡೂಣ?

ಗುಮ್ಮಟನಗರಿ, ವಿಜಯಪುರ

ಎಲ್ಲರಿಗೂ ನಮಸ್ಕಾರ್ರಿ. ದಸರಾ ಸೂಟಿಯೊಳಗ ಮನಿಮಂದಿ ಎಲ್ಲಾ ಶ್ರೀಲಂಕಾಕ್ಕ ಹೋಗೂದು ಅಂತ ಗಟ್ಟಿ ಮಾಡೀವಿ. ಮಗಳು ಏಳನೇತ್ತ, ಮಗ ಮೂರನೇತ್ತ. ಇಬ್ಬರ ಪಾಸ್‌ಪೋರ್ಟೂ ಬಂದಾವ. ಅದನ್ನ ಕಪಾಟಿನಿಂದ ತಗದು ತಗದು ನೋಡೂದೇ ಈಗ ಅವರ ಕೆಲಸ.

ನಮ್ಮ ಮನ್ಯಾಗ ಒಬ್ಬೊಬ್ಬರಿಗೆ ಒಂದೊಂದು ಶ್ರೀಲಂಕಾ ಅದ. ಮಾವನವರಿಗೆ ಅದು ಇನ್ನೂ ರೇಡಿಯೋ ಸಿಲೋನ್. ಬುಧವಾರ ರಾತ್ರಿ ಬಿನಾಕಾ ಗೀತಮಾಲಾ ಕೇಳಲಿಕ್ಕೆ ಓಣಿ ಮಂದಿಯೆಲ್ಲಾ ಒಂದೇ ರೇಡಿಯೋ ಮುಂದ ಕೂಡ್ತಿದ್ದರಂತ. ಮಗಳಿಗೆ ಅದು ರಾವಣನ ಊರು. ಮಗನಿಗೆ ಬರೇ ಒಂದು ಕ್ರಿಕೆಟ್ ಟೀಮು. ಅಲ್ಲಿ ನಮ್ಮಂಥಾ ಮಂದಿ ಬೆಳಿಗ್ಗೆ ಎದ್ದು ಏನ್ ಮಾಡ್ತಾರ, ಏನ್ ಉಣ್ತಾರ, ಯಾವುದಕ್ಕ ದುಃಖ ಪಟ್ಟಾರ ಅನ್ನೂದು ನಮ್ಮ ಯಾರಿಗೂ ಗೊತ್ತಿಲ್ಲ.

ಏಜೆಂಟರು ಒಂದು ಪ್ಯಾಕೇಜ್ ಕೊಟ್ಟಾರ. ಕೊಲಂಬೊ, ಪಿನ್ನವಲ ಆನಿ, ಕ್ಯಾಂಡಿ, ನುವರ ಎಲಿಯ, ಬೀಚು. ದಿನಾ ಒಂದ್ ಊರು, ದಿನಾ ಪೆಟ್ಟಿಗಿ ಕಟ್ಟೂದು. ನಮ್ಮ ಓಣ್ಯಾಗಿನ ಮಕ್ಕಳು ಒಂದು ದೊಡ್ಡ ದೇಶ ಸುತ್ತಿ ಬಂದಾವ. ಏನ್ ನೋಡಿದ್ರಿ ಅಂದ್ರ ಹೋಟೆಲಿನ ಈಜುಕೊಳದ್ದು ಬಿಟ್ಟು ಏನೂ ಹೇಳಲಿಲ್ಲ. ನನಗ ಅದರದ ಅಂಜಿಕಿ. ಈ ವಯಸ್ಸಿನ ಮಕ್ಕಳಿಗೆ ಇನ್ನೊಂದು ದೇಶ ಹೆಂಗ ತಿಳಿಸೂದು? ಅಲ್ಲಿ ಯುದ್ಧ ಆಗಿತ್ತಲ್ಲ, ಅದನ್ನ ಅವರ ಮುಂದ ಹೇಳಬೇಕೋ ಬ್ಯಾಡೋ? ನಾವು ಶಾಖಾಹಾರಿ, ಊಟದ ಬಗ್ಗೆನೂ ತಿಳಿದವರು ಹೇಳ್ರಿ.

ಕುಂದಾನಗರಿ, ಬೆಳಗಾವಿ

ನಾವು ಹೋಗಿ ಬಂದಿದ್ದೇವೆ. ಆಗ ಮಗ ಇನ್ನೂ ಶಾಲೆಗೆ ಸೇರಿರಲಿಲ್ಲ, ಹಾಗಾಗಿ ಕಲಿಸುವ ವಿಚಾರ ಬೇರೆಯವರು ಹೇಳಲಿ. ಊಟ, ಬಟ್ಟೆ, ಮಳೆ ನಾನು ಹೇಳುತ್ತೇನೆ.

ಅಲ್ಲಿ ಉಂಬಲಕಡ ಎನ್ನುವ ಒಣಮೀನಿನ ಪುಡಿಯನ್ನು ತೆಂಗಿನಕಾಯಿ ಸಂಬೋಲ, ಕಾಯಿಪಲ್ಯ, ಕೆಲವೊಮ್ಮೆ ಬೇಳೆಗೂ ಹಾಕುತ್ತಾರೆ. ವೆಜ್ ಎಂದಷ್ಟೇ ಹೇಳಿದರೆ ಸಾಲದು. ಮೀನು ಬೇಡ, ಉಂಬಲಕಡ ಬೇಡ ಎಂದು ಬಿಡಿಸಿ ಹೇಳಿ. ಬೇಸರ ಮಾಡಿಕೊಳ್ಳದೆ ಬೇರೆ ಮಾಡಿ ಕೊಡುತ್ತಾರೆ. ಶಾವಿಗೆಯಂಥ ಇಂಡಿಯಪ್ಪ, ಬೇಳೆಯ ಪರಿಪ್ಪು, ಎಳೆ ಹಲಸಿನಕಾಯಿ ಪಲ್ಯ, ಅಕ್ಕಿಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ ಹೋಳು ಮಾಡಿಕೊಡುವ ಕಿರಿಬತ್, ಇವು ಮಕ್ಕಳಿಗೆ ಹಿಡಿಸುತ್ತವೆ. ಮಣ್ಣಿನ ಕುಡಿಕೆಯ ಎಮ್ಮೆ ಮೊಸರಿನ ಮೇಲೆ ಬೈನೆ ಮರದ ಬೆಲ್ಲದ ಪಾಕ ಸುರಿದು ಕೊಡುತ್ತಾರೆ, ಅದನ್ನು ಮಾತ್ರ ಬಿಡಬೇಡಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬ್ಯಾಗಿನಲ್ಲಿರಲಿ. ಎರಡು ದಿನ ಕಳೆದರೆ ಮಕ್ಕಳು ಅದನ್ನು ಕೇಳುವುದೂ ಇಲ್ಲ.

ದಸರಾ ಮುಗಿದು ನಮ್ಮ ಸೀಗಿ ಹುಣ್ಣಿಮೆ ಬರುತ್ತದಲ್ಲ, ಅಷ್ಟರತನಕ ಅಲ್ಲಿದ್ದರೆ ಚೆನ್ನ. ಅವರಿಗೆ ಪ್ರತಿ ಹುಣ್ಣಿಮೆಯೂ ಪೋಯ, ಸರ್ಕಾರಿ ರಜೆ. ಹೆಂಡದ ಅಂಗಡಿ, ಮಾಂಸದ ಅಂಗಡಿ ಮುಚ್ಚಿರುತ್ತವೆ. ಬಿಳಿ ಬಟ್ಟೆ ಉಟ್ಟ ಜನ ಹೂ ಹಿಡಿದು ವಿಹಾರಗಳಿಗೆ ಹೋಗುತ್ತಾರೆ. ವಿಹಾರದ ಒಳಗೆ ಹೆಗಲು, ಮೊಣಕಾಲು ಮುಚ್ಚಬೇಕು, ಚಪ್ಪಲಿ ಟೋಪಿ ಹೊರಗೆ. ಬುದ್ಧನಿಗೆ ಬೆನ್ನು ಮಾಡಿ ಫೋಟೊ ತೆಗೆಸಿಕೊಳ್ಳಬಾರದು. ಇದನ್ನು ಮಕ್ಕಳಿಗೆ ಇಲ್ಲಿಂದಲೇ ಹೇಳಿ ಕರೆದುಕೊಂಡು ಹೋಗಿ.

ಅಕ್ಟೋಬರದಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ. ನೋಡುವುದನ್ನೆಲ್ಲ ಬೆಳಿಗ್ಗೆಯೇ ನೋಡಿ. ನಮ್ಮ ಒಂದು ರೂಪಾಯಿಗೆ ಅವರ ಮೂರೂವರೆ ರೂಪಾಯಿ ಆಸುಪಾಸು ಸಿಗುತ್ತದೆ. ಹಣ್ಣು, ಬಿಸ್ಕತ್ತು, ಬಸ್ ಟಿಕೆಟ್ ಎಲ್ಲ ಮಗಳ ಕೈಯಿಂದಲೇ ಕೊಳ್ಳಿಸಿ. ವೀಸಾ ನಿಯಮ ಬದಲಾಗುತ್ತಿರುತ್ತದೆ, ಹೊರಡುವ ಮೊದಲು ಅವರ ಸರ್ಕಾರಿ ತಾಣದಲ್ಲೇ ನೋಡಿಕೊಳ್ಳಿ.

ನವನಗರದ ಟೀಚರ್, ಬಾಗಲಕೋಟೆ

ಗುಮ್ಮಟನಗರಿ ಅಕ್ಕಾರ, ನಿಮ್ಮ ಪ್ರಶ್ನೆ ಓದಿ ಸುಮ್ಮನ ಕುಂದರಾಕ ಆಗಲಿಲ್ಲ. ನಾನು ಹೈಸ್ಕೂಲಿನ್ಯಾಗ ಸಮಾಜ ವಿಜ್ಞಾನ ಕಲಸ್ತೀನಿ. ಮಗಳು, ಮಗ, ನಮ್ಮ ಅತ್ತಿ, ನಾವಿಬ್ಬರು ಕೂಡಿ ಶ್ರೀಲಂಕಾಕ್ಕ ಹೋಗಿದ್ವಿ. ಉದ್ದ ಆದ್ರೂ ಪೂರ್ತಿ ಬರೀತೀನಿ.

ನೋಡೂ ಜಾಗದ ಪಟ್ಟಿ ಆಮ್ಯಾಲ ಮಾಡ್ರಿ. ಮಕ್ಕಳು ಮನಿಯಿಂದ ಯಾವ ಪ್ರಶ್ನೆ ತಗೊಂಡು ಹೊಂಟಾರ ಅನ್ನೂದನ್ನ ಮೊದಲ ನೋಡ್ರಿ. ತಮ್ಮ ಊರಿನ ಒಂದು ಸಂಗತಿ ಅವರಿಗೆ ಚೊಲೊ ಗೊತ್ತಿದ್ರ, ಅದನ್ನ ಹಿಡಕೊಂಡು ಬ್ಯಾರೆ ದೇಶದಾಗ ಕೇಳಕೋತ ಹೋಗ್ತಾರ. ಗೊತ್ತಿರದಿದ್ರ ಬಸ್ಸಿನ ಕಿಟಕ್ಯಾಗ ನೋಡಿ ನಿದ್ದಿ ಮಾಡ್ತಾರ.

ನಮ್ಮ ಮನ್ಯಾಗ ಆ ಸಂಗತಿ ಆಲಮಟ್ಟಿ ನೀರು. ನಮ್ಮ ಅತ್ತಿಯವರ ಮನಿ ಹಳೇ ಬಾಗಲಕೋಟ್ಯಾಗ ಇತ್ತು. ಹಿನ್ನೀರಿಗೆ ಮುಳುಗಡಿ ಆತು, ನವನಗರದಾಗ ಸೈಟ್ ಕೊಟ್ರು, ಇಲ್ಲಿಗೆ ಬಂದ್ವಿ. ಅಜ್ಜಿ ಈಗೂ ಯಾರರ ಮನಿ ಎಲ್ಲೈತಿ ಅಂದ್ರ ಓಣಿ ಹೆಸರು ಹೇಳ್ತಾರ, ಮೊಮ್ಮಗಳು ಸೆಕ್ಟರ್ ನಂಬರ್ ಹೇಳ್ತಾಳ. ಪರಿಹಾರ, ಸಂತ್ರಸ್ತರು, ಕೋರ್ಟು ಅನ್ನೂ ಮಾತು ಊಟಕ್ಕ ಕುಂತಾಗ ಕೇಳಿ ಕೇಳಿ ಬೆಳದ ಹುಡುಗಿ ಅದು.

ಮಹಾವೇಲಿ ಶ್ರೀಲಂಕಾದ ಎಲ್ಲಕ್ಕಿಂತ ಉದ್ದದ ನದಿ. ಕ್ಯಾಂಡಿಯಿಂದ ಮೂಡಣಕ್ಕ ಸ್ವಲ್ಪ ಹೋದ್ರ ಆ ನದಿಗೆ ವಿಕ್ಟೋರಿಯಾ ಆಣೆಕಟ್ಟು ಕಟ್ಯಾರ. 122 ಮೀಟರ್ ಎತ್ತರ, ಬ್ರಿಟನ್ನಿನ ನೆರವಿನ್ಯಾಗ ಕಟ್ಟಿದ್ದು, 1985ರಾಗ ಉದ್ಘಾಟನೆ ಆತು. ಅದರ ನೀರಾಗ ತೆಲ್ದೆನಿಯ ಅನ್ನೂ ಪ್ಯಾಟಿ ಮುಳುಗೇತಿ. ಮ್ಯಾಲ ಹೊಸ ತೆಲ್ದೆನಿಯ ಕಟ್ಟಿ ಕೊಟ್ಟಾರ. ಮಳಿ ಕಡಿಮಿ ಆದ ವರ್ಷ ನೀರು ಇಳಿದ್ರ ಹಳೇ ಊರಿನ ಗುಡಿ, ಗ್ವಾಡಿ ಮ್ಯಾಲ ಕಾಣ್ತಾವ. ಪ್ಯಾಕೇಜಿನ್ಯಾಗ ಇದು ಇರೂದಿಲ್ಲರಿ. ನಾವು ಕ್ಯಾಂಡಿ ಹೋಟೆಲ್ ಬಿಟ್ಟು ದಿಗನದ ಕಡೆ ಒಂದು ಮನಿಯೊಳಗ ರೂಮ್ ಹಿಡಿದ್ವಿ, ಇದನ್ನ ನೋಡಬೇಕು ಅಂತನ.

ಆ ಮನಿಯ ಅಜ್ಜಿ ಹುಟ್ಟಿದ್ದು ಹಳೇ ತೆಲ್ದೆನಿಯದಾಗ. ಮಗಳು ತನಗ ಬರೂ ಇಂಗ್ಲಿಷಿನ್ಯಾಗ "ನಿಮ್ಮ ಮನಿ ನೀರಿನ ಕೆಳಗ ಐತೇನು?" ಅಂದ್ಲು. ಆಕಿ ಕರೆಂಟ್ ಬಿಲ್ಲಿನ ಹಿಂದ ಪೆನ್ನಿನಿಂದ ನಕಾಶಿ ತಗದ್ರು: ಇದು ಬಸ್ ಸ್ಟ್ಯಾಂಡು, ಇದು ಬೋಧಿ ಮರ, ಇಲ್ಲಿ ನಮ್ಮಪ್ಪನ ಬಟ್ಟಿ ಅಂಗಡಿ, ಇಲ್ಲಿಂದ ಹೊಳಿಗೆ ಇಳಿಯೂ ದಾರಿ. ಮಗಳು ಉಳಿದ ಜಾಗದಾಗ ಬಾಗಲಕೋಟಿ ತಗದ್ಲು, ಅಜ್ಜಿ ಹೇಳಿದ್ದಷ್ಟೂ. ಆಕಿ ಆ ಊರು ನೋಡೇ ಇಲ್ಲ. ಆಮ್ಯಾಲ ನೇರವಾಗಿ ಕೇಳಿಬಿಟ್ಲು: ಪರಿಹಾರ ಎಷ್ಟು ಕೊಟ್ರು? ಆ ಅಜ್ಜಿ ನಗಲಿಲ್ಲ, ಸಿಟ್ಟಾಗಲಿಲ್ಲ. ತನ್ನ ಸರೀಕರ ಮುಂದ ಹೇಳಿದಂಗ ಕುಂತು ಹೇಳಿದ್ರು. ಹತ್ತಿರ ಮನಿ ಸಿಕ್ಕವರು ಯಾರು, ದೂರದ ಒಣ ಸೀಮಿಯೊಳಗ ಮಹಾವೇಲಿ ಕಾಲುವಿ ದಂಡಿಗೆ ಹೋಗಿ ಕಾಡು ಕಡದು ಭತ್ತ ಬೆಳದವರು ಯಾರು, ಅಲ್ಲಿ ಹೋದ ತಮ್ಮ ಅಕ್ಕ ಹಬ್ಬಕ್ಕೂ ಬರದಷ್ಟು ದೂರ ಆಗಿದ್ದು. ನಮ್ಮ ಅತ್ತಿಗೆ ಇಂಗ್ಲಿಷ್ ಬರೂದಿಲ್ಲ. ಆದ್ರ ನಕಾಶಿ ನೋಡಿ ಎಲ್ಲಾ ತಿಳಕೊಂಡ್ರು, ನನ್ನ ಕಡೆಯಿಂದ ಒಂದೇ ಕೇಳಿಸಿದ್ರು: ಗುಡಿಯೊಳಗಿನ ದೇವರನ್ನ ಮೊದಲ ತಗದ್ರೋ, ಆಮ್ಯಾಲ ತಗದ್ರೋ?

ಒಂದು ದೇಶದ ಮಂದಿ ಅಂದ್ರ ಯಾರು ಅನ್ನೂದು ನನ್ನ ಮಗಳಿಗೆ ಅವತ್ತು ತಿಳಿತು ಅಂತ ನನ್ನ ನಂಬಿಕಿ.

ಇದೇ ಎಳಿ ಹಿಡದು ಇನ್ನೂ ಮುಂದ ಹೋಗಬಹುದು. ಆಲಮಟ್ಟಿ ಜಲಾಶಯಕ್ಕ ಲಾಲ್ ಬಹದ್ದೂರ್ ಶಾಸ್ತ್ರಿ ಸಾಗರ ಅಂತ ಹೆಸರೈತಿ, ನಿಮಗೂ ಗೊತ್ತು. 1964ರ ಮೇ ತಿಂಗಳಿನ್ಯಾಗ ಅದಕ್ಕ ಅಡಿಗಲ್ಲು ಇಟ್ಟವರು ಶಾಸ್ತ್ರಿಯವರು. ಅದೇ ವರ್ಷ ಅಕ್ಟೋಬರದಾಗ, ಪ್ರಧಾನಿ ಆಗಿ, ಅವರು ಸಿಲೋನಿನ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಜೋಡಿ ಒಂದು ಒಪ್ಪಂದಕ್ಕ ಸಹಿ ಹಾಕಿದ್ರು. (ಇಡೀ ಜಗತ್ತಿನ್ಯಾಗ ಮೊದಲನೇ ಮಹಿಳಾ ಪ್ರಧಾನಿ ಈಕಿ, 1960ರಾಗ. ಮಗಳಿಗೆ ಇದನ್ನ ತಪ್ಪದ ಹೇಳ್ರಿ.) ಒಪ್ಪಂದ ಯಾರ ಬಗ್ಗೆ ಅಂದ್ರ ಚಹಾ ತೋಟದ ತಮಿಳು ಕೂಲಿಗಳ ಬಗ್ಗೆ. ಬ್ರಿಟಿಷರು ತಮಿಳು ನಾಡಿನಿಂದ ಅವರ ಹಿರೇರನ್ನ ಮೊದಲು ಕಾಫಿ ತೋಟಕ್ಕ ಒಯ್ದಿದ್ರು. ಎಲಿ ರೋಗ ಬಂದು ಕಾಫಿ ಹಾಳಾತು, ಚಹಾ ಹಚ್ಚಿದ್ರು. 1948ರಾಗ ಸ್ವಾತಂತ್ರ್ಯ ಬಂದ ಮ್ಯಾಲ ಮಾಡಿದ ಕಾಯ್ದೆಯಿಂದ ಈ ಮಂದಿಯೊಳಗ ಬಹುತೇಕರಿಗೆ ನಾಗರಿಕತ್ವನ ಇಲ್ಲಂಗಾತು. 1964ರ ಒಪ್ಪಂದದ ಪ್ರಕಾರ 5,25,000 ಮಂದಿ ಭಾರತಕ್ಕ, 3,00,000 ಮಂದಿಗೆ ಸಿಲೋನಿನ ನಾಗರಿಕತ್ವ, ಉಳಿದ 1,50,000 ಮಂದಿದು ಮುಂದ ನೋಡೂಣು. ಹಿಂಗ ಬಂದವರೊಳಗ ಎಷ್ಟೋ ಕುಟುಂಬ ನಮ್ಮ ಸುಳ್ಯ, ಪುತ್ತೂರು ಕಡೆ ರಬ್ಬರ್ ತೋಟದಾಗ ಅದಾವ.

ನುವರ ಎಲಿಯಕ್ಕ ಹೋಗ್ತೀರಲ್ಲ, ಚಹಾ ಫ್ಯಾಕ್ಟರಿ ತೋರಸ್ತಾರ, ಪುಡಿ ಮಾರ್ತಾರ. ಅಷ್ಟಕ್ಕ ಬಿಡಬ್ಯಾಡ್ರಿ. ತೋಟದ ನಡುವ ಉದ್ದಕ ಒಂದೇ ಮಾಡಿನ ಕೆಳಗ ಸಣ್ಣ ಸಣ್ಣ ಖೋಲಿ ಕಾಣ್ತಾವ, ಲೈನ್ ಮನಿ ಅಂತಾರ. ಅವನ್ನ ತೋರಿಸಿ, ಇಲ್ಲಿ ಇರೂ ಮಂದಿ ಅಜ್ಜ ಮುತ್ತ್ಯಾ ಎಲ್ಲಿಂದ ಬಂದ್ರು ಅಂತ ಹೇಳ್ರಿ. ಆಲಮಟ್ಟಿಯ ಗಾರ್ಡನ್ನಿಗೆ ಪಿಕ್ನಿಕ್ ಹೋಗಿ ಬಂದ ಮಕ್ಕಳಿಗೆ ಶಾಸ್ತ್ರಿ ಹೆಸರು ಅಲ್ಲಿ ಕೇಳಿದಾಗ ಕಿವಿ ನಿಮಿರ್ತಾವ. ನನ್ನ ಮಗಂದು ನಿಮಿರಿದ್ವು.

ಯುದ್ಧದ್ದು ಕೇಳಿದ್ರಿ. ಹೇಳ್ರಿ. ಏಳನೇತ್ತಾದ ಮಗಳಿಗೆ 1983ರಿಂದ 2009ರ ತನಕ ನಡೀತು, ಸಿಂಹಳರು ತಮಿಳರು ಎರಡೂ ಕಡೆ ಸಾಮಾನ್ಯ ಮಂದಿ ಭಾಳ ಸತ್ರು, ಭಾಷಾ, ಶಾಲಿ, ನೌಕರಿ ವಿಷಯದಾಗ ತಮಗ ಅನ್ಯಾಯ ಆತು ಅನ್ನೂ ತಮಿಳರ ಸಿಟ್ಟು ಒಳಗ ಬೆಳದು ಅದು ಬಂದೂಕಿನ ತನಕ ಹೋತು ಅಂತ ಹೇಳಬಹುದು. ಈಗ ರೈಲ್ವೆ ಸ್ಟೇಶನ್ನಿನ ಬೋರ್ಡು ಸಿಂಹಳ, ತಮಿಳು, ಇಂಗ್ಲಿಷ್ ಮೂರರಾಗೂ ಇರ್ತಾವ, ಅದನ್ನೂ ತೋರಿಸ್ರಿ. ಬೆಳಗಾವಿ ಕಡೆಯ ಬೋರ್ಡಿನ ಜಗಳ ಕಂಡ ಮಕ್ಕಳಿಗೆ ಬೋರ್ಡ್ ಅಂದ್ರ ಸಣ್ಣ ಮಾತಲ್ಲ ಅನ್ನೂದು ತಿಳೀತೈತಿ. ಮೂರನೇತ್ತಾದಾಂವಗ ಇಷ್ಟೆಲ್ಲಾ ಬ್ಯಾಡ. ಕೇಳಿದ್ದಕ್ಕ ಮಾತ್ರ ಖರೇ ಉತ್ತರ ಕೊಡ್ರಿ.

ನಿಮ್ಮ ಮಗಗ ಸಿಗಿರಿಯ ತೋರಿಸ್ರಿ. ಹೋಗೂ ಮುಂಚೆ ಬಾದಾಮಿ ಮೂರನೇ ಗುಹಾ ತೋರಿಸಿದ್ರ ಇನ್ನೂ ಚೊಲೊ. ಸಿಗಿರಿಯದ ಬಂಡಿ ಮ್ಯಾಲ ಕಶ್ಯಪ ರಾಜ ಅರಮನಿ ಕಟ್ಟಿಸಿದ್ದು ಐದನೇ ಶತಮಾನದಾಗ. ನಮ್ಮ ಮಂಗಳೇಶನ ಗುಹಾ 578ರದ್ದು. ಎರಡೂ ಕಡೆ ಬಂಡಿಗಲ್ಲಿನ ಮ್ಯಾಲ ಬಣ್ಣದ ಚಿತ್ರ, ಎರಡೂ ಕಡೆ ಮಂಗ್ಯಾಗೋಳ ಕಾಟ. ಮತ್ತ ಒಂದು ಕತಿ ಐತಿ, ಹುಡುಗರಿಗೆ ಭಾಳ ಸೇರತೈತಿ. ಪಲ್ಲವರ ನರಸಿಂಹವರ್ಮ ಪುಲಕೇಶಿಯನ್ನ ಸೋಲಿಸಿ ಬಾದಾಮಿ ತಗೊಂಡನಲ್ಲ, ಆಗ ಅವನ ದಂಡಿನ್ಯಾಗ ಮಾನವರ್ಮ ಅನ್ನೂ ಸಿಂಹಳದ ರಾಜಕುಮಾರ ಇದ್ದ ಅಂತ ಅವರ ಹಳೇ ಇತಿಹಾಸದ ಗ್ರಂಥ ಚೂಳವಂಸ ಹೇಳತೈತಿ. ಆ ಸಹಾಯಕ್ಕ ಪಲ್ಲವರು ತಿರುಗಿ ದಂಡು ಕೊಟ್ಟು ಕಳಿಸಿ, ಆಂವ ಲಂಕಾದ ರಾಜ ಆದ. ನನ್ನ ಮಗ ಸಿಗಿರಿಯದ ಮೆಟ್ಟಲ ಮ್ಯಾಲ ನಿಂತು, "ಅಂದ್ರ ಇವರು ನಮ್ಮ ಊರಿಗೆ ಮೊದಲ ಬಂದು ಹೋಗ್ಯಾರ, ನಾವ ತಡ ಮಾಡೀವಿ" ಅಂದ.

ಮತ್ತ ಬೆಳಿಗ್ಗೆ ಶಾಲಿ ಕೂಡೂ, ಮಧ್ಯಾಹ್ನ ಬಿಡೂ ಹೊತ್ತಿನ್ಯಾಗ ರಸ್ತೆ ಮ್ಯಾಲ ಇರ್ರಿ. ಎಲ್ಲಾ ಮಕ್ಕಳೂ ಬಿಳಿ ಯೂನಿಫಾರ್ಮಿನ್ಯಾಗ ಹೋಗೂದು ನೋಡೂಹಂಗ ಇರತೈತಿ. ಆ ದೇಶದಾಗ 1940ರ ದಶಕದಿಂದ ಉಚಿತ ಶಿಕ್ಷಣ ಐತಿ. ರವಿವಾರನೂ ಮಕ್ಕಳು ಬಿಳಿ ಬಟ್ಟಿಯೊಳಗ ವಿಹಾರದಾಗ ಧರ್ಮ ಕಲಸೂ ಶಾಲಿಗೆ ಹೋಗ್ತಾವ. ನನ್ನ ಮಕ್ಕಳಿಗೆ ಅವರ ಮ್ಯಾಲ ಭಾಳ ಮರುಕ ಬಂತು.

ಗೋಕಾಕದ ಅಜ್ಜ

ಟೀಚರ್ ಬರದಿದ್ದು ಚಲೋ ಐತಿ. ಆದ್ರ ವಿಮಾನದ ರೊಕ್ಕ ಎಲ್ಲರ ಕೈಯಾಗ ಇರೂದಿಲ್ಲ. ನಾನು ಮೊಮ್ಮಕ್ಕಳನ್ನ ಮುಂಡಗೋಡಕ್ಕ ಕರಕೊಂಡು ಹೋಗಿದ್ದೆ. 1966ರಾಗ ಟಿಬೆಟಿನಿಂದ ಬಂದವರಿಗೆ ಅಲ್ಲಿ ಜಾಗ ಕೊಟ್ಟಾರ. ಡ್ರೆಪುಂಗ್, ಗಾಂದೆನ್ ಮಠ ಅದಾವ. ಸಂಜೀಕ ಸನ್ಯಾಸಿಗಳು ಚಪ್ಪಾಳಿ ಹೊಡಕೋತ ವಾದ ಮಾಡ್ತಾರ, ಹುಡುಗರು ಬಾಯಿ ತಗದು ನೋಡಿದ್ವು. ಥುಕ್ಪಾ ಉಂಡ್ವಿ, ಹೊಳ್ಳಿ ಬಂದ್ವಿ. ಬ್ಯಾರೆ ದೇಶ ನೋಡಾಕ ದೇಶಾನ ಬಿಡಬೇಕು ಅಂತಿಲ್ಲ.

ನವನಗರದ ಟೀಚರ್, ಬಾಗಲಕೋಟೆ

ಅಜ್ಜಾರ, ಮುಂಡಗೋಡದ ಮಾತು ಖರೇ ಐತಿ. ನಮ್ಮ ಶಾಲಿ ಟ್ರಿಪ್ಪಿಗೆ ನಾನೂ ಅದನ್ನ ಹೇಳ್ತೀನಿ. ಊರು ಬಿಟ್ಟು ಬಂದವರ ಸಂಕಟ ಅಲ್ಲೂ ತಿಳೀತೈತಿ.

ಒಂದೇ ವ್ಯತ್ಯಾಸ ಅಂದ್ರ, ಅಲ್ಲಿ ನಾವು ಮನಿಯವರು, ಅವರು ಹೊರಗಿಂದ ಬಂದವರು. ಸಮುದ್ರ ದಾಟಿದ್ರ ನಾವ ಹೊರಗಿನವರು. ಬಾದಾಮಿ ಗುಹಾದ ಟಿಕೆಟ್ ಬೋರ್ಡಿನ ಮ್ಯಾಲ ವಿದೇಶಿಯರಿಗೆ ಬ್ಯಾರೆ ರೇಟು ಇರೂದನ್ನ ನನ್ನ ಮಗ ಸಣ್ಣಾಂವ ಇದ್ದಾಗಿಂದ ನೋಡ್ಯಾನ. ಸಿಗಿರಿಯದಾಗ ವಿದೇಶಿಯರ ಕೌಂಟರಿಗೆ ಹೋಗ್ರಿ ಅಂದಾಗ, ಅವರು ಅಂದ್ರ ಯಾರು ಅಂತ ಹಿಂದ ತಿರುಗಿ ನೋಡಿದ. ತಾನ ಅಂತ ತಿಳಿದ ಮ್ಯಾಲ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಊರಿಗೆ ಬಂದ ಮ್ಯಾಲ ಬಾದಾಮ್ಯಾಗ ಫಾರಿನರ್ಸ್ ಕಂಡ್ರ ಹಿಂದ ಬೆನ್ನು ಹತ್ತಿ ಕೂಗೂದು ಬಿಟ್ಟಾನ. ರೊಕ್ಕ ಕೂಡಿಸಾಕ ಆಗೂವಂಥವರು, ಜೀವನದಾಗ ಒಂದ ಸಲ ಆದ್ರೂ, ಮಕ್ಕಳನ್ನ ಆ ಸಾಲಿನ್ಯಾಗ ನಿಂದ್ರಸಬೇಕು ಅನ್ನೂದು ನನ್ನ ಮಾತು.

ಗುಮ್ಮಟನಗರಿ, ವಿಜಯಪುರ

ಟೀಚರ್, ನಿಮ್ಮ ಉತ್ತರ ಮಾವನವರಿಗೆ ಜೋರಾಗಿ ಓದಿ ಹೇಳಿದೆ. ಏಜೆಂಟರಿಗೆ ಫೋನ್ ಮಾಡಿ ಬೀಚಿಂದ ಎರಡು ದಿನ ತಗಸೀನಿ. ಆದ್ರ ನಮ್ಮ ಮನಿ ಎಲ್ಲೂ ಮುಳುಗಿಲ್ಲ. ವಿಜಯಪುರದ ಮಕ್ಕಳು ಯಾವ ಸಂಗತಿ ಕಟಗೊಂಡು ಹೋಗಬೇಕು?

ನವನಗರದ ಟೀಚರ್, ಬಾಗಲಕೋಟೆ

ನಿಮ್ಮ ಊರಾಗ ನೀರಿನ ಕತಿಗೆ ಏನ್ ಕಡಿಮಿರಿ! ಒಂದು ರವಿವಾರ ಮಕ್ಕಳನ್ನ ಬೇಗಂ ತಲಾಬಕ್ಕ ಕರಕೊಂಡು ಹೋಗ್ರಿ. 1651ರಾಗ ಮುಹಮ್ಮದ್ ಆದಿಲ್ ಶಾಹ ಕಟ್ಟಿಸಿದ ಕೆರಿ. ಅಲ್ಲಿಂದ ಮಣ್ಣಿನ ಕೊಳವಿಯೊಳಗ ಶಹರಕ್ಕ ನೀರು ಹರಸ್ತಿದ್ರು. ನೀರಿನ ಒತ್ತಡಕ್ಕ ಕೊಳವಿ ಒಡೀಬಾರದು ಅಂತ ನಡುವ ಅಲ್ಲಲ್ಲೆ ಗಂಜ್ ಅನ್ನೂ ನೀರಿನ ಗೋಪುರ ಕಟ್ಯಾರ, ಈಗೂ ಊರಾಗ ನಿಂತಾವ. ಒಂದರ ಬುಡಕ್ಕ ನಿಂತು, ಇದು ಯಾಕ ಬೇಕಿತ್ತು ಅಂತ ಮಗಳಿಂದ ಉತ್ತರ ತಗಸ್ರಿ. ಹೇಳಿಕೊಡಬ್ಯಾಡ್ರಿ. ಆಮ್ಯಾಲ ತಾಜ್ ಬಾವಡಿ.

ಶ್ರೀಲಂಕಾದಾಗ ಪೊಲೊನ್ನರುವ ಸೇರಿಸ್ರಿ. ಹನ್ನೆರಡನೇ ಶತಮಾನದ ಒಂದನೇ ಪರಾಕ್ರಮಬಾಹು ಕಟ್ಟಿಸಿದ ಪರಾಕ್ರಮ ಸಮುದ್ರ ಅಲ್ಲೈತಿ. ಹೆಸರು ಸಮುದ್ರ, ಖರೇ ಅಂದ್ರ ಕೆರಿ. ಏರಿನ ಸುಮಾರು 14 ಕಿಲೋಮೀಟರ್ ಉದ್ದ. ಆಕಾಶದಿಂದ ಬಿದ್ದ ಒಂದು ಹನಿನೂ ಮಂದಿಗೆ ಉಪಯೋಗ ಆಗದ ಸಮುದ್ರ ಸೇರಬಾರದು ಅನ್ನೂದು ಆ ರಾಜನ ಪಣ ಇತ್ತಂತ. ಈ ಸೀಮಿಯ ಹಳೇ ಕೆರಿಗಳಿಗೆ ಬಿಸೋಕೊಟುವ ಅಂತ ಒಂದು ಏರ್ಪಾಡು ಇರತೈತಿ. ಏರಿಯೊಳಗ ಚೌಕಾಕಾರದ ಕಲ್ಲಿನ ಬಾವಿ. ಕೆರಿ ನೀರು ಮೊದಲ ಅದರಾಗ ಬಂದು ಜೋರು ಕಳಕೊಂಡು ಆಮ್ಯಾಲ ಕಾಲುವಿಗೆ ಹೋಗತೈತಿ. ಎರಡು ಸಾವಿರ ವರ್ಷದಷ್ಟು ಹಳೇ ವಿದ್ಯೆ ಇದು. ಗಂಜ್ ತಿಳಕೊಂಡ ಹುಡುಗಿಗೆ ಬಿಸೋಕೊಟುವ ನೋಡಿದ ಕೂಡ್ಲೇ ಗುರುತು ಸಿಗತೈತಿ. ಗಂಜ್ ನಿಮ್ಮ ಫೋನಿನ್ಯಾಗ ಫೋಟೊ ತಕ್ಕೊಂಡು ಹೋಗ್ರಿ. ಅಲ್ಲಿ ಯಾರರ ನೀರಾವರಿ ಇಲಾಖೆಯವರು, ಇಲ್ಲಾ ರೈತರು ಸಿಕ್ರ ಮಗಳೇ ತೋರಿಸ್ಲಿ. ನಮಗ ಕೆರಿ ದಂಡ್ಯಾಗ ಸಿಕ್ಕ ಒಬ್ಬ ರೈತ ತೂಬಿನ ತನಕ ತಾನ ಕರಕೊಂಡು ಹೋಗಿ ತೋರಿಸಿದ, ರೊಕ್ಕ ಕೊಟ್ರ ತಗೊಳಲಿಲ್ಲ.

ಪೊಲೊನ್ನರುವದಾಗ ಸೈಕಲ್ ಬಾಡಿಗಿಗೆ ಸಿಗ್ತಾವ, ಹಳೇ ಊರು ಎಲ್ಲಾ ಸೈಕಲ್ ಮ್ಯಾಲ ನೋಡಬಹುದು. ಕೆರಿ ಏರಿ ಮ್ಯಾಲ ಬೆಳಿಗ್ಗೆ ಹೋಗ್ರಿ, ಬಿಸಲು ಏರಿದ ಮ್ಯಾಲ ಹುಡುಗರಿಗೆ ಆಗೂದಿಲ್ಲ. ನಿಮ್ಮ ಮಗಗ ಹೊಂದೂವಂಥ ಸಣ್ಣ ಸೈಕಲ್ ಐತೇನು ಅಂತ ರೂಮ್ ಬುಕ್ ಮಾಡೂವಾಗನ ಕೇಳಿಬಿಡ್ರಿ, ಎಲ್ಲಾ ಕಡೆ ಇರೂದಿಲ್ಲ.